ಸಂಚಕಾರ: ಕೊಡುವ ದುಡ್ಡೋ, ಬರುವ ಗಂಡಾಂತರವೋ?

ಗೆಳೆಯರೇ, ಒಂದು ಪದ ತಲೆ ತಿನ್ನುತ್ತಿದೆ.

ಕಲಬುರಗಿಯಲ್ಲಿ ನಮ್ಮ ನೆಂಟರೊಬ್ಬರು ಅಂಗಡಿ ಜಾಗಕ್ಕೆ ಸೌದಾ ಮಾಡಿದರು. ಕರಾರು ಪತ್ರದಲ್ಲಿ ಅದೇ 50,000 ರೂಪಾಯಿಗೆ ಒಂದು ಕಡೆ ‘ಬಯಾನ’, ಇನ್ನೊಂದು ಕಡೆ ‘ಮುಂಗಡ’ ಅಂತಿತ್ತು. ಎರಡೂ ಒಂದೇ ಅಲ್ವಾ ಅಂದುಕೊಂಡಿದ್ದೆ. ಅಲ್ಲವಂತೆ. ಮುಂಗಡ ಅಂದರೆ ಬೆಲೆಯ ಒಂದು ಪಾಲು, ಅಷ್ಟೇ. ಬಯಾನ ಕೊಟ್ಟ ಮಾತಿಗೆ ಇಟ್ಟ ಒತ್ತೆ. ಸೌದಾ ಮುಗಿದರೆ ಬೆಲೆಗೆ ಜಮಾ, ಕೊಳ್ಳುವವನೇ ಹಿಂದೆ ಸರಿದರೆ ಗೋತಾ. 1963ರ ಫತೇಚಂದ್ ಮೊಕದ್ದಮೆಯಲ್ಲಿ ಮಾರುವವನು 25,000 ರೂಪಾಯಿ ಇಟ್ಟುಕೊಳ್ಳಲು ಹೊರಟಿದ್ದ. ಬಯಾನ ಅಂತ ಕೊಟ್ಟಿದ್ದ 1,000ಕ್ಕೆ ಮಾತ್ರ ಸುಪ್ರೀಂ ಕೋರ್ಟ್ ಒಪ್ಪಿತು. ಉಳಿದ 24,000ಕ್ಕೆ 1872ರ ಕರಾರು ಕಾಯ್ದೆಯ 74ನೇ ಕಲಮು ಅಡ್ಡ ಬಂತು: ಕರಾರು ಮುರಿದರೆ ಸಿಗುವುದು ನ್ಯಾಯವಾದ ಪರಿಹಾರವಷ್ಟೇ.

ಹಾಗಾದರೆ ಪತ್ರದಲ್ಲಿ ಯಾವ ಪದ ಬರೆಯಬೇಕು? ಬಯಾನ ಉರ್ದುವಿನಿಂದ ಬಂದದ್ದು. ನಿಜಾಮರ ಆಳ್ವಿಕೆ ಕಂಡ ನಮ್ಮ ಕಡೆ ಅದು ಮನೆಮಾತು, ಮೈಸೂರಿನವರಿಗೆ ತಿಳಿಯುತ್ತೋ ಇಲ್ಲವೋ. ಕನ್ನಡದಲ್ಲಿ ಇದಕ್ಕೆ ಸರಿಯಾದ ಪದ ‘ಸಂಚಕಾರ’. ಆದರೆ ಇವತ್ತು ಪೇಪರ್ ತೆರೆದರೆ ‘ಕುರ್ಚಿಗೆ ಸಂಚಕಾರ’, ‘ಜೀವಕ್ಕೆ ಸಂಚಕಾರ’. ‘ಸಂಚಕಾರವಾಗಿ 50,000 ಪಡೆದಿದ್ದೇನೆ’ ಅಂತ ಬರೆದರೆ ಯಾರು ಸಹಿ ಹಾಕುತ್ತಾರೆ!

ಮೂಲ ನೋಡಿದರೆ ಪಾಪ, ತುಂಬಾ ಒಳ್ಳೆಯ ಪದ. ಸಂಸ್ಕೃತದ ‘ಸತ್ಯಂಕಾರ’ದ ತದ್ಭವ, ಅಂದರೆ ಮಾತನ್ನು ನಿಜ ಮಾಡುವುದು. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಈ ಪದವಿದೆ. ಅದಕ್ಕೆ ವಿಜ್ಞಾನೇಶ್ವರ ಬರೆದ ವ್ಯಾಖ್ಯಾನ ಮಿತಾಕ್ಷರ ಹೇಳುವುದು ಇಷ್ಟು: ಕೊಡು-ಕೊಳ್ಳುವ ಮಾತಿಗೆ ಉಂಗುರದಂಥದ್ದು ಕೊಟ್ಟವನೇ ಮಾತು ತಪ್ಪಿದರೆ ಅದು ಹೋಯಿತು, ತೆಗೆದುಕೊಂಡವನು ತಪ್ಪಿದರೆ ಎರಡರಷ್ಟು ವಾಪಸ್ ಕೊಡಬೇಕು. ಇದನ್ನು ಬರೆದದ್ದು ಎಲ್ಲೋ ಕಾಶಿಯಲ್ಲಿ ಅಲ್ಲ. ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ!

ಕೊಟ್ಟದ್ದು ಕೈಬಿಟ್ಟು ಹೋಗಬಹುದು ಎಂಬ ಅಂಜಿಕೆಯೇ ಮುಂದೆ ‘ಗಂಡಾಂತರ’ ಆಯಿತೇ? ಇದು ಬರೀ ನನ್ನ ಊಹೆ. ಅಥವಾ ‘ಸಂಚು’ ಎಂಬ ಪದದ ನೆರಳು ಬಿದ್ದಿತೇ? ನಿಮ್ಮೂರಲ್ಲಿ ಎತ್ತಿಗೋ ಹೊಲಕ್ಕೋ ‘ಸಂಚಕಾರ ಕೊಟ್ಟೆ’ ಅನ್ನುವ ಹಿರಿಯರು ಈಗಲೂ ಇದ್ದರೆ ದಯವಿಟ್ಟು ತಿಳಿಸಿ. ಸದ್ಯಕ್ಕೆ ಪತ್ರದಲ್ಲಿ ‘ಮುಂಗಡ’ ಹೊಡೆದು ಎರಡೂ ಕಡೆ ‘ಬಯಾನ’ ಅಂತಲೇ ಬರೆಸಿದ್ದೇವೆ.