ಅಪ್‌ಡೇಟ್: ಮನೆಗೆ ಬರುವ ಹಾಸ್ಪಿಸ್ ತಂಡವನ್ನು ಅಳೆಯುವುದು ಹೇಗೆ?

ಕ್ಯಾನ್ಸರ್‌ನ ಕೊನೆಯ ಹಂತದಲ್ಲಿರುವ ಅಮ್ಮನಿಗೆ ಬೆಂಗಳೂರಿನಲ್ಲಿ ಒಳ್ಳೆಯ ಹಾಸ್ಪಿಸ್ ಸೇವೆ (ಗುಣವಾಗದ ರೋಗಿಗೆ ಕೊನೆಯ ದಿನಗಳಲ್ಲಿ ನೋವು ತಗ್ಗಿಸುವ ಆರೈಕೆ) ಗುರುತಿಸುವುದು ಹೇಗೆಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಇದೇ ಹುಡುಕಾಟದಲ್ಲಿರುವವರಿಗಾಗಿ ಕೆಲಸಕ್ಕೆ ಬಂದ ಪ್ರಶ್ನೆಗಳು ಇಲ್ಲಿವೆ.

ಮೊದಲು ಮಾರ್ಫಿನ್, ಅಂದರೆ ತೀವ್ರ ನೋವಿಗೆ ಕೊಡುವ ಔಷಧ. ಮಾದಕ ವಸ್ತುಗಳ ಕಾಯ್ದೆಗೆ (ಎನ್‌ಡಿಪಿಎಸ್) 2014ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಇದನ್ನು ಇಟ್ಟುಕೊಳ್ಳಬಹುದು. ನಿಮ್ಮಲ್ಲಿ ಸ್ಟಾಕ್ ಇದೆಯೇ, ಮುಗಿದರೆ ಎಷ್ಟು ಹೊತ್ತಿಗೆ ಸಿಗುತ್ತದೆ ಎಂದು ನೇರವಾಗಿ ಕೇಳಿ. ಸಾದಾ ಮಾತ್ರೆ ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ. ನಡುವೆ ನೋವು ಎದ್ದರೆ ಕೊಡುವ ಹೆಚ್ಚುವರಿ ಡೋಸ್ (ಹೆಚ್ಚಾಗಿ ದಿನದ ಒಟ್ಟು ಪ್ರಮಾಣದ ಆರನೇ ಒಂದು ಭಾಗ) ಚೀಟಿಯಲ್ಲೇ ಬರೆದಿರಬೇಕು. ಮಾರ್ಫಿನ್‌ನಿಂದಾಗುವ ಮಲಬದ್ಧತೆಗೆ ಔಷಧ ಮೊದಲ ದಿನದಿಂದಲೇ ಇರಬೇಕು. ಇವೆರಡನ್ನೂ ಮರೆಯುವ ತಂಡವನ್ನು ನಾನಂತೂ ಒಪ್ಪಲಾರೆ.

'24 ಗಂಟೆ ಸೇವೆ' ಎಂದರೆ ರಾತ್ರಿ ಎರಡಕ್ಕೆ ಫೋನ್ ಎತ್ತುವವರು ನರ್ಸೋ, ಕಾಲ್ ಸೆಂಟರೋ? ರೋಗಿಯ ಫೈಲ್ ಅವರ ಮುಂದಿರುತ್ತದೆಯೇ? ರೋಗಿಗೆ ನುಂಗಲಾಗದ ದಿನ ಬಟರ್‌ಫ್ಲೈ ಸೂಜಿಯಿಂದ (ರೆಕ್ಕೆಯಂಥ ಹಿಡಿಕೆಯ ಸಣ್ಣ ಸೂಜಿ) ಚರ್ಮದಡಿಗೆ ಔಷಧ ಕೊಡಲು ತಂಡಕ್ಕೆ ಬರುತ್ತದೆಯೇ? ಬಾರದಿದ್ದರೆ "ಆಸ್ಪತ್ರೆಗೆ ಸೇರಿಸಿ" ಎನ್ನುತ್ತಾರೆ. ಮನೆಯಲ್ಲೇ ಇರಬೇಕೆಂಬ ರೋಗಿಯ ಆಸೆ ಅಲ್ಲಿಗೆ ಮುಗಿಯಿತು.

ಮೊದಲ ಭೇಟಿಯಲ್ಲಿ ಬಿಪಿ ನೋಡಿ ಹೊರಟರೆ ಸಾಲದು. ನರ್ಸ್ ರೋಗಿಯನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ ಬೆನ್ನಿನ ಕೆಳಭಾಗ, ಹಿಮ್ಮಡಿಗಳಲ್ಲಿ ಹಾಸಿಗೆಹುಣ್ಣು ಇದೆಯೇ ಎಂದು ನೋಡಬೇಕು, ಟಾರ್ಚ್ ಹಿಡಿದು ಬಾಯಿಹುಣ್ಣು ಹುಡುಕಬೇಕು, ನೋವನ್ನು 0ಯಿಂದ 10ರ ಅಳತೆಯಲ್ಲಿ ಕೇಳಿ ಬರೆದುಕೊಳ್ಳಬೇಕು.

ದುಬಾರಿ ಪ್ಯಾಕೇಜ್ ಗುಣಮಟ್ಟದ ಗುರುತಲ್ಲ. ಬೆಂಗಳೂರಿನ ಹಾಸ್ಪಿಸ್ ಸಂಸ್ಥೆ ಕರುಣಾಶ್ರಯದಂಥ ಕಡೆ ಆರೈಕೆ ಉಚಿತ. ಕೇಳಲು ಮನಸ್ಸು ಬಾರದಿದ್ದರೂ ಇದನ್ನು ಮೊದಲೇ ಕೇಳಿಬಿಡಿ: ಮನೆಯಲ್ಲೇ ತೀರಿಕೊಂಡರೆ ಮರಣದ ಕಾರಣ ದೃಢೀಕರಿಸುವ ನಮೂನೆ 4ಎ ಗೆ ಸಹಿ ಹಾಕುವ ವೈದ್ಯರು ಯಾರು?