ಮಗುವಿನ ಹೆಸರಿಗೆ ‘ಣ’ ಅಕ್ಷರ ಬಂದಿದೆ, ಏನು ಮಾಡೋದು?

ಹೊಳೆದಂಡೆಯವಳು:
ಎಲ್ಲರಿಗೂ ನಮಸ್ಕಾರ. ಎರಡನೇ ಮಗಳು ಹುಟ್ಟಿ ಇವತ್ತಿಗೆ 38 ದಿನ. ಹೊಳೆನರಸೀಪುರದ ಹತ್ತಿರ ತವರಲ್ಲಿ ಬಾಣಂತನದಲ್ಲಿದ್ದೇನೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮೊಬೈಲ್ ಮುಟ್ಟಿದರೆ ಬೈಗುಳ. ಅಮ್ಮ ಮಲಗಿರುವಾಗ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮಗುವಿನದು ಹಸ್ತ ನಕ್ಷತ್ರ, ಮೂರನೇ ಪಾದ. ಭಟ್ಟರು ಪಂಚಾಂಗ ನೋಡಿ ಪೂ, ಷ, ಣ, ಠ ಅಂತ ಓದಿ, ‘ನಿಮಗೆ ಬಂದಿರೋದು ಣ’ ಅಂದರು. ಣ! ಅಕ್ಷರ ಕಲಿಸುವಾಗಲೂ ಣ ಬಂದರೆ ಬಾಣ, ವೀಣೆ ಅಂತ ತೋರಿಸಿ ತಪ್ಪಿಸಿಕೊಳ್ಳುತ್ತಾರೆ. ಅದರಿಂದ ಶುರುವಾಗೋ ಹೆಸರು ಎಲ್ಲಿಂದ ತರಲಿ? ಯುಕೆಜಿಯಲ್ಲಿರುವ ನಮ್ಮ ದೊಡ್ಡವಳು ‘ಣಣಮ್ಮ ಅಂತ ಇಡೋಣ’ ಅಂದಳು.

ನನ್ನ ಮನಸ್ಸಿನಲ್ಲಿರುವುದು ಹೇಮಾ. ಗಂಡನ ಮನೆ ಮೂಡಿಗೆರೆ ಕಡೆ, ತೋಟ. ಹೇಮಾವತಿ ಹುಟ್ಟೋದು ಆ ತಾಲ್ಲೂಕಿನಲ್ಲೇ. ಅಲ್ಲಿಂದ ಸಕಲೇಶಪುರ, ಆಮೇಲೆ ಗೊರೂರು ಅಣೆಕಟ್ಟು, ಆಮೇಲೆ ನಮ್ಮೂರು. ಮದುವೆಯಾದ ಹೊಸದರಲ್ಲಿ ತವರಿಗೆ ಬರುವಾಗ ಸಕಲೇಶಪುರದ ಸೇತುವೆ ಮೇಲೆ ಬಸ್ಸಿನ ಕಿಟಕಿಯಿಂದ ಬಗ್ಗಿ ನೋಡಿ, ‘ನೀನು ನಿಧಾನಕ್ಕೆ ಬಾ, ನಾನು ಮುಂದೆ ಹೋಗಿರ್ತೀನಿ’ ಅಂದುಕೊಳ್ಳುತ್ತಿದ್ದೆ. ನಮ್ಮ ಯಜಮಾನರು ಮಾತ್ರ ‘ಹೇಮಾ ಅಂದ್ರೆ ಗಣಿತದ ಟೀಚರ್ ಹೆಸರಿದ್ದ ಹಾಗಿದೆ’ ಅನ್ನುತ್ತಾರೆ.

ಇನ್ನು ಮಾವ. ಅವರಿಗೆ ತಮ್ಮ ತಾಯಿಯ ಹೆಸರು, ಪುಟ್ಟಮ್ಮ ಅಂತ ಇಡಬೇಕು. ಬಾಯಿಬಿಟ್ಟು ಕೇಳುವವರಲ್ಲ. ಮಗು ನೋಡಲು ಬಂದಾಗ ಒಂದು ಹಿತ್ತಾಳೆ ಚೊಂಬು ತಂದು ಅಮ್ಮನ ಕೈಗೆ ಕೊಟ್ಟು, ‘ಮಗೀಗೆ ನೀರು ಹುಯ್ಯೋಕೆ’ ಅಂದರು, ಅಷ್ಟೇ. ಚೊಂಬಿನ ಹೊಟ್ಟೆ ಮೇಲೆ ಚುಕ್ಕಿ ಚುಕ್ಕಿಯಾಗಿ ‘ಪುಟಮ್ಮ’ ಅಂತಿದೆ. ಕೆತ್ತಿದವನು ಒಂದು ಒತ್ತು ನುಂಗಿದ್ದಾನೆ. ದಿನಾ ಅದರಲ್ಲೇ ಸ್ನಾನ. ಆ ಹೆಸರು ಕಣ್ಣಿಗೆ ಬಿದ್ದಾಗೆಲ್ಲ ಪಾಪ ಅನ್ಸುತ್ತೆ. ಆದರೆ ಮುಂದೆ ಕ್ಲಾಸಿನಲ್ಲಿ ‘ಪುಟ್ಟಮ್ಮ’ ಅಂತ ಹಾಜರಿ ಕೂಗಿದರೆ ಮಗು ನನ್ನನ್ನು ಸುಮ್ನೆ ಬಿಡುತ್ತಾ?

ಸಾಲದ್ದಕ್ಕೆ, 21 ದಿನದೊಳಗೆ ಹೆಸರು ಕೊಡದಿದ್ದರೆ ಕಷ್ಟ ಅಂತ ಆಸ್ಪತ್ರೆಯಲ್ಲಿ ಒಬ್ಬರು ಹೆದರಿಸಿದ್ದರು. ಆ ಗಡುವು ಮುಗಿದೇ ಹೋಯಿತು. ನಾಮಕರಣಕ್ಕೆ ಇನ್ನು 2 ವಾರ. ಏನಾದರೂ ದಾರಿ ಹೇಳಿ.

ಅರಸೀಕೆರೆ ಅಂಕಲ್:
ಗಾಬರಿ ಬೇಡ ಕಣಮ್ಮ. ಜನನ ನೋಂದಣಿ ಕೆಲಸದಲ್ಲೇ ಕೂದಲು ಹಣ್ಣು ಮಾಡಿಕೊಂಡವನು ನಾನು. 21 ದಿನ ಅನ್ನೋದು ಮಗು ಹುಟ್ಟಿದ ವಿಷಯ ತಿಳಿಸೋಕೆ, ಹೆಸರಿಗಲ್ಲ. ಆಸ್ಪತ್ರೆಯ ಹೆರಿಗೆಯಾದರೆ ಅದನ್ನು ಅವರೇ ಕಳಿಸುತ್ತಾರೆ. ಹೆಸರಿನ ಜಾಗ ಖಾಲಿ ಇದ್ದರೂ ನೋಂದಣಿ ಆಗುತ್ತದೆ. 12 ತಿಂಗಳೊಳಗೆ ಹೋಗಿ ಹೆಸರು ಸೇರಿಸಿದರೆ ಶುಲ್ಕವಿಲ್ಲ. ಆಮೇಲೆ 15 ವರ್ಷದವರೆಗೂ ತಡವಾದ ಶುಲ್ಕ ಕಟ್ಟಿ ಸೇರಿಸಬಹುದು. 1969ರ ಕಾಯ್ದೆಯಲ್ಲೇ ಹೆಸರು ಆಮೇಲೆ ಸೇರಿಸಲು ಅವಕಾಶ ಇಟ್ಟಿದ್ದಾರೆ.

ಆದರೆ ಒಂದು ಮಾತು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್ ಎಲ್ಲಕ್ಕೂ ಹುಟ್ಟಿದ ದಿನದ ಪುರಾವೆ ಈ ಜನನ ಪ್ರಮಾಣಪತ್ರವೇ. ಹೆಸರು ಸೇರಿಸುವಾಗ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದೊಂದು ಅಕ್ಷರ ನೋಡಿ ಸಹಿ ಹಾಕಿ. ತಂದೆ ತಾಯಿ ಹೆಸರೂ ಆಧಾರ್‌ನಲ್ಲಿ ಇದ್ದಂತೆಯೇ ಇರಲಿ. ಒತ್ತು ನುಂಗೋರು ಬರೀ ಪಾತ್ರೆ ಅಂಗಡಿಯಲ್ಲಿ ಮಾತ್ರ ಇರಲ್ಲ.

ಬಾಣಾವರದ ಹುಡುಗ:
ಅಂಕಲ್ ಮಾತಿಗೆ ನನ್ನದೊಂದು ಬಾಲಂಗೋಚಿ. ಇನಿಶಿಯಲ್ ಬಗ್ಗೆ ಈಗಲೇ ಯೋಚನೆ ಮಾಡಿ ಅಕ್ಕ. ನಮ್ಮ ಕಡೆ ಊರಿನದೊಂದು, ಅಪ್ಪನದೊಂದು ಅಕ್ಷರ ಮುಂದೆ ಹಾಕುತ್ತಾರಲ್ಲ, ಪಾಸ್‌ಪೋರ್ಟಿಗೆ ಅದು ನಡೆಯಲ್ಲ, ಬಿಡಿಸಿ ಬರೆಯಬೇಕು. ನಾನು ಬಿಡಿಸಿದೆ. ಈಗ ವಿಮಾನ ನಿಲ್ದಾಣದಲ್ಲಿ ನನ್ನನ್ನು ‘ಮಿಸ್ಟರ್ ಬಾಣಾವರ’ ಅಂತ ಕರೆಯುತ್ತಾರೆ. ಇಡೀ ಊರಿಗೆ ನಾನೊಬ್ಬನೇ ಪ್ರತಿನಿಧಿ.

ಕೊಪ್ಪದ ಸೊಸೆ:
ನಮ್ಮ ಮಾವನವರು ಪೌರೋಹಿತ್ಯ ಮಾಡುವವರು. ಣ, ಙ, ಞ ಬಂದರೆ ಅದೇ ನಕ್ಷತ್ರದ ಬೇರೆ ಪಾದದ ಅಕ್ಷರ ಹಿಡಿಯಿರಿ ಅಂತಲೇ ಹೇಳುತ್ತಾರೆ. ನಿಮಗೆ ‘ಪೂ’ ಇದೆ, ಚಿಂತೆ ಯಾಕೆ? ಪೂರ್ವಿ, ಪೂರ್ಣಾ, ಹ್ರಸ್ವ ಮಾಡಿದರೆ ಪುಣ್ಯ. ಇನ್ನೊಂದು ವಿಷಯ, ಶಾಸ್ತ್ರದಲ್ಲೂ ಮಗುವಿಗೆ ಒಂದೇ ಹೆಸರಲ್ಲ. ಮಾಸನಾಮ, ನಕ್ಷತ್ರನಾಮ, ವ್ಯವಹಾರನಾಮ ಅಂತ ಬೇರೆ ಬೇರೆ ಇವೆ. ದಾಖಲೆಗೆ ಹೋಗೋದು ವ್ಯವಹಾರದ್ದು. ಅದು ಅಕ್ಷರಕ್ಕೆ ಕೂಡಿ ಬರಲೇಬೇಕು ಅಂತ ನಮ್ಮ ಮಾವ ಯಾರಿಗೂ ಹಟ ಮಾಡಿದ್ದಿಲ್ಲ.

ಕಡೂರು ಎಳನೀರು:
ಸಖರಾಯಪಟ್ಟಣದ ರುಕ್ಮಾಂಗದ ಚಿಕ್ಕ ಮಗಳಿಗೆ ಒಂದು ಊರನ್ನೇ ಬಳುವಳಿ ಕೊಟ್ಟ, ಅದಕ್ಕೇ ಚಿಕ್ಕಮಗಳೂರು ಅಂತ ನಮ್ಮ ಕಡೆ ಕಥೆ ಹೇಳ್ತಾರೆ. ನೀವು ನೋಡಿದರೆ ಚಿಕ್ಕ ಮಗಳಿಗೆ ಎರಡಕ್ಷರ ಕೊಡೋಕೆ ಒದ್ದಾಡ್ತಿದ್ದೀರಿ.

ಅದಿರಲಿ, ಈ 38 ದಿನದಿಂದ ಮನೆಯಲ್ಲಿ ಪಾಪೂನ ಏನಂತ ಕರೀತಿದ್ದೀರಿ?

ಹೊಳೆದಂಡೆಯವಳು:
ಪುಟ್ಟಿ ಅಂತ. ದೊಡ್ಡವಳು ಶುರು ಮಾಡಿದ್ದು, ಈಗ ಎಲ್ಲರೂ ಹಾಗೇ.

ಕಡೂರು ಎಳನೀರು:
ಮತ್ತೆ?

ಹೊಳೆದಂಡೆಯವಳು:
ಅಯ್ಯೋ ರಾಮ. ಇದು ತಲೆಗೇ ಹೊಳೆದಿರಲಿಲ್ಲ ನೋಡಿ.

ಹದಿನೈದು ದಿನ ಕಳೆದು ಬರೆಯುತ್ತಿದ್ದೇನೆ, ನಾಮಕರಣ ಆಯಿತು. ಪೂರ್ವಿ ಬಿಟ್ಟೆ ಕೊಪ್ಪದ ಅಕ್ಕ, ನಮ್ಮ ಬೀದಿಯಲ್ಲೇ 3 ಪೂರ್ವಿ ಇದ್ದಾರೆ. ಅಕ್ಕಿ ತಟ್ಟೆಯಲ್ಲಿ ಯಜಮಾನರು ಉಂಗುರ ಹಿಡಿದು ಮೊದಲು ಪುಟ್ಟಮ್ಮ ಅಂತ ಬರೆದರು, ಒತ್ತು ಸಮೇತ. ಅದರ ಕೆಳಗೆ ಹೇಮಾ. ದಾಖಲೆಗೆ ಹೇಮಾ ಮಾತ್ರ, ಅರ್ಜಿ ಮುಂದಿನ ವಾರ. ಇನಿಶಿಯಲ್ ವಿಷಯದಲ್ಲಿ ಇನ್ನೂ ಜಗಳ ನಡೀತಿದೆ.

ಮಾವ ಆಗ ಏನೂ ಹೇಳಲಿಲ್ಲ. ಊಟ ಆದ ಮೇಲೆ ಬಚ್ಚಲ ಹತ್ತಿರ ಹೋಗಿ ಚೊಂಬನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದರು. ‘ಈ ಕಡೆ ಜಾಗ ಇದೆ’ ಅಂದರು.

ಈಗ ಹೊಸ ಪ್ರಶ್ನೆ. ಹಾಸನದಲ್ಲಿ ಉಳಿ ಹಿಡಿದು ಕೈಯಲ್ಲೇ ಪಾತ್ರೆ ಮೇಲೆ ಹೆಸರು ಹಾಕೋರು ಯಾರಾದರೂ ಇದ್ದಾರಾ? ಮಷಿನ್‌ದು ಬೇಡವಂತೆ.