ಸುಕನಾಸಿ: ಕೋಣೆಯೋ, ಮೂಗೋ?

ಗೆಳೆಯರೇ, ಒಂದು ಪದ ನನ್ನನ್ನು ವಾರದಿಂದ ಕಾಡುತ್ತಿದೆ.

ಮೊನ್ನೆ ಹಾಸನದ ಹತ್ತಿರದ ದೊಡ್ಡಗದ್ದವಳ್ಳಿಗೆ ಹೋಗಿದ್ದೆ. ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದ ಲಕ್ಷ್ಮೀದೇವಿ ಗುಡಿ, ನಾಲ್ಕು ಗರ್ಭಗುಡಿಗಳಿವೆ. ಜೊತೆಗಿದ್ದವರೊಬ್ಬರು ಗರ್ಭಗುಡಿಯ ಮುಂದಿನ ಪುಟ್ಟ ಕೋಣೆ ತೋರಿಸಿ "ಇದು ಸುಕನಾಸಿ" ಅಂದರು. ನಾನೂ ಹಾಗೇ ಕಲಿತಿದ್ದು. ಹಳೆಯ ಮೈಸೂರು ಪುರಾತತ್ವ ಇಲಾಖೆಯ ವರದಿಗಳಲ್ಲೂ ಇದೇ ಸಾಲು: ಗರ್ಭಗುಡಿ, ಸುಕನಾಸಿ, ನವರಂಗ (ಕಂಬಗಳ ಒಳಮಂಟಪ). ಆದರೆ ಕಲಾ ಇತಿಹಾಸದ ಪುಸ್ತಕ ತೆರೆದರೆ ಸುಕನಾಸಿ ಇರುವುದು ಮಾಡಿನ ಮೇಲೆ! ಶಿಖರದಿಂದ ಮುಂದಕ್ಕೆ ಚಾಚಿದ ಭಾಗ ಅದು. ಕೋಣೆಗೆ ಅವರು ಅಂತರಾಳ ಅನ್ನುತ್ತಾರೆ.

ಹೊರಗೆ ಬಂದು ಪಕ್ಕದಿಂದ ನೋಡಿದೆ. ಶಿಖರವನ್ನು ಮುಖ ಅಂದುಕೊಂಡರೆ ಆ ಚಾಚು ಥೇಟ್ ಗಿಳಿಯ ಮೂಗು. ಅದರ ಮೇಲೆ ಹೊಯ್ಸಳರ ಲಾಂಛನ: ಅವರ ಮೂಲಪುರುಷ ಸಳ ಮೃಗವನ್ನು ಇರಿಯುತ್ತಿದ್ದಾನೆ. ಶುಕ ಅಂದರೆ ಗಿಳಿ, ನಾಸಾ ಅಂದರೆ ಮೂಗು. ಹೆಸರು ಮೊದಲು ಹುಟ್ಟಿದ್ದು ಮೇಲೆಯೇ, ಅನುಮಾನವಿಲ್ಲ. ಮೂಗು ಕೂತಿರುವುದು ಸರಿಯಾಗಿ ಆ ಕೋಣೆಯ ನೆತ್ತಿಯ ಮೇಲೆ. ಹಾಗಾಗಿ ಹೆಸರು ಕೆಳಗಿಳಿದಿದೆ ಅನ್ನುವುದು ನನ್ನ ಊಹೆ. ಬೇಲೂರನ್ನೇ ನೋಡಿ. 1117ರ ಆ ಚೆನ್ನಕೇಶವ ಗುಡಿಗೆ ಈಗ ಶಿಖರವೇ ಇಲ್ಲ, ಮೂಗೂ ಇಲ್ಲ. ಒಳಗಿನ ಸುಕನಾಸಿ ಮಾತ್ರ ಅದೇ ಹೆಸರಿನಲ್ಲಿ ಉಳಿದಿದೆ. ಇಂಥ ಬಳಕೆಯನ್ನು ತಪ್ಪು ಅಂತ ತಿದ್ದಲು ನನಗಂತೂ ಮನಸ್ಸಿಲ್ಲ.

ಬರೆಯುವಾಗ ಶುಕನಾಸಿಯೋ ಸುಕನಾಸಿಯೋ? ನನ್ನ ಮತ 'ಸು'ಗೆ. ಶಶಿ ಸಸಿಯಾಯಿತು, ಶಾಂತಿ ಸಾಂತಿಯಾಯಿತು. ಇದೂ ನಮ್ಮ ಬಾಯಿಗೆ ಒಗ್ಗಿದ ರೂಪ.

ನಿಜವಾಗಿ ಸಿಕ್ಕಿಕೊಂಡಿರುವುದು ಪದದ ಬಾಲದಲ್ಲಿ. ಸಂಸ್ಕೃತದ ಮಾಲಾ ಕನ್ನಡದಲ್ಲಿ ಮಾಲೆಯಾಗುತ್ತದೆ, ಶಾಲಾ ಶಾಲೆಯಾಗುತ್ತದೆ. ಹಾಗಿದ್ದರೆ ನಾಸಾ 'ನಾಸೆ' ಆಗಬೇಕಿತ್ತು, ಅಲ್ವಾ? 'ನಾಸಿ' ಹೇಗಾಯಿತು? ಶಿಲ್ಪಶಾಸ್ತ್ರದಲ್ಲಿ ಗೂಡಿನಾಕಾರದ ಕಮಾನುಗಳಿಗೆ ನಾಸಿ, ಅಲ್ಪನಾಸಿ ಅನ್ನುವ ಹೆಸರುಗಳಿವೆ. ಅಲ್ಲಿಂದ ನೇರವಾಗಿ ಬಂದಿರಬಹುದೇ?

ಸುಕನಾಸಿ ಪದವಿರುವ ಶಾಸನದ ಸಾಲು ಯಾರಿಗಾದರೂ ಸಿಕ್ಕಿದ್ದರೆ ದಯವಿಟ್ಟು ಹಾಕಿ. ಹಾಗೇ ನಿಮ್ಮ ಕಡೆ ಅರ್ಚಕರು, ಗುಡಿ ಕಟ್ಟುವ ಆಚಾರಿಗಳು ಈ ಕೋಣೆಗೆ ಏನನ್ನುತ್ತಾರೆ, ತಿಳಿಸಿ.